ಅರ್ಧ ತಾಸಿನಾಚೆಯ ಮಾತು

ನಮ್ಮೂರಿನಲ್ಲಿ ಕಾಲುವೆ ದಾಟಿದರೆ ಬಾಯಿ ಕಟ್ಟುತ್ತದೆ. ಮೂಡಲ ದಂಡೆಯವರು ಪಡುವಲಕ್ಕೆ ಹೋದರೂ ಅಷ್ಟೇ, ಅವರು ಈ ಕಡೆ ಬಂದರೂ ಅಷ್ಟೇ. ಚೀಟಿ ಬರೆದುಕೊಂಡು ಹೋಗೋಣ ಎಂದರೆ ಸೇತುವೆ ಇಳಿಯುವಷ್ಟರಲ್ಲಿ ಕಾಗದ ಬಿಳಿಯಾಗಿರುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ಹಿರಿಯರು, "ನೀರು ಯಾಕ ತೊಯ್ಸತೈತಿ ಅಂತ ಕೇಳ್ದಂಗಾತು" ಎಂದು ಎಲೆಯಡಿಕೆ ಕಡೆಗೆ ತಿರುಗುತ್ತಾರೆ. ಸಂತೆ ಕೂಡುವುದು ಪಡುವಲದಲ್ಲಿ. ನಮ್ಮವರು ಹೋಗಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿಕೊಂಡು ಬರುತ್ತಾರೆ. ಆ ದಂಡೆಯಿಂದ ಬಂದ ಸೊಸೆಗೆ ಒಂದು ವರ್ಷ ಮಾತಿಲ್ಲ. ವರ್ಷ ತುಂಬಿದರೆ ಈ ದಂಡೆಯ ಬಾಯಿ ಬರುತ್ತದೆ, ತವರಿನದು ಹೋಗುತ್ತದೆ. ಮೊದಲ ವರ್ಷದ ಸೊಸೆಯಂಥ ಸೊಸೆ ಲೋಕದಲ್ಲೇ ಇಲ್ಲ ಎಂದು ಅತ್ತೆಯರು ಓಣಿಯಲ್ಲಿ ಹೊಗಳಿಕೊಂಡು ತಿರುಗುತ್ತಾರೆ. ಎರಡನೆಯ ವರ್ಷ ಅದೇ ಅತ್ತೆಯರು ಬೀಗರಿಗೆ ದೂರು ಹೇಳಲು ನನ್ನ ಕಚೇರಿಗೆ ಬರುತ್ತಾರೆ.

ನನ್ನ ಕಚೇರಿಗೆ ಮಾತಿನ ಮನೆ ಎಂದು ಹೆಸರು. ಎರಡು ದಂಡೆಗಳ ನಡುವೆ ಮಾತು ದಾಟುವುದು ನೀರಿನ ಕೆಳಗೆ ಹಾಸಿದ ಒಂದು ತಂತಿಯಲ್ಲಿ ಮಾತ್ರ. ಈ ಕಡೆ ಒಂದು ಯಂತ್ರ, ಆ ಕಡೆ ಒಂದು ಯಂತ್ರ. ಜನ ಬಂದು ಗೂಡಿನಲ್ಲಿ ಕೂತು ಮಾತಾಡುತ್ತಾರೆ. ಯಂತ್ರ ಕೇಳಿಸಿಕೊಂಡು ಬರೆದುಕೊಳ್ಳುತ್ತದೆ, ಒಂದು ಪ್ರತಿ ತನ್ನಲ್ಲಿ ಇಟ್ಟುಕೊಂಡು ಇನ್ನೊಂದನ್ನು ಆಚೆ ಕಳಿಸುತ್ತದೆ. ಆಚೆಯವರು ಅಲ್ಲಿನ ಮಾತಿನ ಮನೆಗೆ ಹೋಗಿ ಓದಿಕೊಳ್ಳುತ್ತಾರೆ, ಬೇಕಾದರೆ ಅಚ್ಚು ಹಾಕಿಸಿಕೊಂಡು ಮನೆಗೆ ಒಯ್ಯುತ್ತಾರೆ. ಇದನ್ನೆಲ್ಲ ನಡೆಸುವ ಪ್ರೋಗ್ರಾಮನ್ನು ನಮಗಿಂತ ಹಿಂದಿನವರು ಯಾರೋ ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟು ಹೋಗಿದ್ದಾರೆ. ಕಡಿಮೆ ಮಾತಿನಲ್ಲಿ ಹೆಚ್ಚು ಕೆಲಸ ಹೇಳುವ ಭಾಷೆ ಅದು, ನಮ್ಮೂರಿನ ಜನಕ್ಕೆ ತೀರ ವಿರುದ್ಧ. ಈ ಕಡೆಯ ಯಂತ್ರ ನೋಡಿಕೊಳ್ಳುವವಳು ನಾನು, ಇಂದುಮತಿ. ಯಾರ ಮಾತನ್ನೂ ತೆರೆದು ಓದುವ ಹಾಗಿಲ್ಲ. ಯಾರದು, ಯಾರಿಗೆ, ಎಷ್ಟು ಉದ್ದ, ಇಷ್ಟು ಮಾತ್ರ ನನಗೆ ಕಾಣುತ್ತದೆ.

ಜನಕ್ಕೆ ವಿರುದ್ಧ ಎಂದೆನಲ್ಲ, ಅದಕ್ಕೆ ಕಾರಣವಿದೆ. ನಮ್ಮಲ್ಲಿ ಮುಖ್ಯ ಮಾತನ್ನು ಕಡೆಗೆ ಹೇಳಬೇಕು. ಕೂತ ಕೂಡಲೇ ವಿಷಯ ತೆಗೆಯುವವನು ಒಂದೋ ಪೊಲೀಸ, ಇಲ್ಲವೇ ಮನೆಯಲ್ಲಿ ಯಾರೂ ಬುದ್ಧಿ ಹೇಳದೆ ಬೆಳೆದವನು. ಮೊದಲು ಮನೆಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸಬೇಕು. ಆಮೇಲೆ ಎಮ್ಮೆ, ಕರು, ಕಾಲುವೆಯ ನೀರು, ನೆರೆಮನೆಯವರ ಜಗಳ, ಹೋದ ವರ್ಷ ತೀರಿಕೊಂಡವರು. ಇಷ್ಟೆಲ್ಲ ಮುಗಿದು ಏಳುವ ಹೊತ್ತಿಗೆ, ಈಗಷ್ಟೇ ನೆನಪಾಯಿತೇನೋ ಎಂಬಂತೆ "ಅಂದಂಗ" ಎಂದು ಶುರುಮಾಡಿ ಹೇಳಬೇಕಾದದ್ದನ್ನು ಹೇಳಬೇಕು. ಎರಡೂ ದಂಡೆಯಲ್ಲಿ ಇದೇ ಪದ್ಧತಿ. ಆದರೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಪಡುವಲದವರು ಬೇಕಾದ್ದಕ್ಕೆ ಉತ್ತರ ಕೊಟ್ಟು ಬೇಡಾದ್ದಕ್ಕೆ ಕಿವುಡರಾಗುತ್ತಾರೆ ಎಂದು ನಮ್ಮವರು. ಮೂಡಲದವರು ಉಣ್ಣುವ ಎಲೆ ಬಿಟ್ಟು ಎದ್ದು ಹೋಗುವ ಮಂದಿ ಎಂದು ಅವರು. ಈ ಬೈಗುಳ ನಾನು ಚಿಕ್ಕವಳಿದ್ದಾಗಿನಿಂದ ಕೇಳಿಕೊಂಡು ಬಂದದ್ದು, ಅದರ ಬುಡ ಎಲ್ಲಿದೆ ಎಂದು ನನಗೂ ಹೊಳೆದಿರಲಿಲ್ಲ.

ನಾನಿರುವುದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾರೆ. ಏನು ಒಗೆದು ಹಾಕಿದರೂ ಸೀರೆಯ ಅಂಚಿಗೆ ಹಿಟ್ಟು ಹತ್ತಿರುತ್ತದೆ. ಸಂಜೆ ಗಿರಣಿಯ ಪಟ್ಟಿ ನಿಂತ ಮೇಲೆ ಆ ಕೋಣೆಯಲ್ಲಿ ನನ್ನ ಬಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಊರಿನವರ ಮಾತನ್ನೆಲ್ಲ ದಾಟಿಸುವವಳಿಗೆ ಮನೆಯಲ್ಲಿ "ಬಂದ್ಯಾ" ಎನ್ನಲು ಒಬ್ಬರಿಲ್ಲ ಎಂದು ಒಮ್ಮೊಮ್ಮೆ ನನ್ನ ಮೇಲೆ ನನಗೇ ನಗು ಬರುತ್ತದೆ. ಹೆಚ್ಚಿನ ದಿನ ನಗು ಬರುವುದಿಲ್ಲ.

ಆಚೆ ದಂಡೆಯ ಯಂತ್ರ ನೋಡಿಕೊಳ್ಳುವವರು ಗುರುಪಾದಪ್ಪನವರು. ಮೊದಮೊದಲು ನಮ್ಮಿಬ್ಬರದು ಬರೀ ಕೆಲಸದ ಮಾತು. ತಂತಿ ಸರಿ ಐತೇನ್ರಿ, ಐತ್ರಿ, ಮುಗಿಯಿತು. ಆಮೇಲೊಂದು ದಿನ ಅವರು "ಊಟ ಆತೇನ್ರಿ" ಎಂದು ಬರೆದರು. ಹಾಗೆ ಕೇಳಿದವರೇ ಇಲ್ಲದೆ ಬಹಳ ದಿನವಾಗಿದ್ದರಿಂದ ಏನು ಉಂಡೆ, ಅದಕ್ಕೆ ಏನು ಕಡಿಮೆಯಾಗಿತ್ತು ಎಂದು ನಾಲ್ಕು ಸಾಲು ಬರೆದುಬಿಟ್ಟೆ. ಅವರು ತಾವೇ ಅಡುಗೆ ಮಾಡಿಕೊಳ್ಳುವವರು, ಒಬ್ಬರೇ ಇರುವವರು ಎಂದು ಗೊತ್ತಾಯಿತು. ಬೆಳಗ್ಗೆ ಯಂತ್ರ ಹಚ್ಚಿದ ಕೂಡಲೇ ಅವರ ಮಾತು ಬಂದಿದೆಯೇ ಎಂದು ನೋಡುವುದು ನನಗೆ ಚಟವಾಯಿತು.

ಆ ವರ್ಷ ಕಾರಹುಣ್ಣಿಮೆಯ ಮಧ್ಯಾಹ್ನ ಊರೆಲ್ಲ ಎತ್ತು ಓಡಿಸುವುದನ್ನು ನೋಡಲು ಹೋಗಿತ್ತು. ಮಾತಿನ ಮನೆ ಖಾಲಿ. ನಾನೇ ಗೂಡಿನಲ್ಲಿ ಹೋಗಿ ಕೂತೆ. ಎದುರು ಮನುಷ್ಯ ಕೂತಿದ್ದಾನೆ ಎಂದುಕೊಂಡು ಮಾತಾಡಿದೆ. ಎಲ್ಲವನ್ನೂ ಕ್ರಮವಾಗಿಯೇ ಮಾಡಿದೆ. ಅವರ ಮೊಣಕಾಲು ನೋವು ವಿಚಾರಿಸಿದೆ, ಕಾಲುವೆಗೆ ಬಿಟ್ಟ ನೀರಿನ ಬಗ್ಗೆ ಹೇಳಿದೆ, ಗಿರಣಿಯವನು ಬಾಡಿಗೆ ಮನೆಗೆ ಸುಣ್ಣ ಹೊಡೆಸದ್ದನ್ನು ಹೇಳಿದೆ. ಅವರು ಕಲಿಸಿಕೊಟ್ಟಿದ್ದ ಬದನೆಕಾಯಿ ಎಣ್ಣೆಗಾಯಿ ಮಾಡಹೋಗಿ ಕೆಡಿಸಿದ ಕತೆ ಹೇಳಿ ಉಪ್ಪು ಯಾವಾಗ ಹಾಕಬೇಕು ಎಂದು ಕೇಳಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಂದಂಗ ಗುರುಪಾದಪ್ಪನವರ, ನಾ ಕಾಲುವಿ ದಾಟಿ ಬರ್ಲೇನ್ರಿ? ಒಂದು ವರ್ಷ ನಿಮ್ಮನ್ಯಾಗ ಮೂಕಾಗಿ ಇರ್ತೀನಿ. ಆಮ್ಯಾಲೆ ಮಾತಾಡೂಣು" ಎಂದೆ. ಹೇಳಿ ಎದ್ದು ಬಂದೆ.

ಮರುದಿನ ಉತ್ತರ ಬಂತು. ಮೊಣಕಾಲಿಗೆ ಉತ್ತರವಿತ್ತು, ನೀರಿಗಿತ್ತು, ಸುಣ್ಣಕ್ಕಿತ್ತು, ಬದನೆಕಾಯಿ ಸೀಳುವಾಗ ತೊಟ್ಟು ತೆಗೆಯಬೇಡಿ ಎಂಬ ಬುದ್ಧಿವಾದವೂ ಇತ್ತು. ಕಡೆಗೆ, "ನೀವು ನಡುವ ಎದ್ದು ಹೋದ್ರಿ. ಯಾರರ ಬಂದ್ರೇನೊ" ಎಂದಿತ್ತು. ಅದನ್ನೇ ಎಷ್ಟು ಸಲ ಓದಿದೆನೋ. ಎಷ್ಟು ಮರ್ಯಾದೆಯ ಮನುಷ್ಯ ಎಂದುಕೊಂಡೆ. ಇಲ್ಲ ಎನ್ನಲು ಬಾಯಿ ಬಾರದೆ, ನೀವು ಹೇಳಲೇ ಇಲ್ಲ ಎಂದು ನನಗೇ ಒಂದು ದಾರಿ ಮಾಡಿಕೊಟ್ಟಿದ್ದಾರೆ. ಕೇಳಿಯೂ ಕೇಳದವರ ಹಾಗೆ ಇದ್ದುಬಿಡುವುದರಲ್ಲಿ ಪಡುವಲದವರನ್ನು ಮೀರಿಸುವವರಿಲ್ಲ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ನಾನೂ ಮರ್ಯಾದೆ ಉಳಿಸಿಕೊಂಡು, "ಹೌದ್ರಿ, ಯಾರೋ ಬಂದ್ರು" ಎಂದು ಬರೆದೆ. ಅಲ್ಲಿಂದ ಮುಂದೆ ಮತ್ತೆ ತಂತಿ ಸರಿ ಐತೇನ್ರಿ, ಐತ್ರಿ.

ಎರಡು ವರ್ಷದ ಮೇಲೆ ಅವರ ಮದುವೆಯಾಯಿತು. ಹೆಂಡತಿ ಅದೇ ದಂಡೆಯ ಕಾಶವ್ವ. ಕರೆದಿದ್ದರು. ಹೋಗದಿದ್ದರೆ ಏನೆಂದುಕೊಂಡಾರು ಎಂದು ಸೇತುವೆ ದಾಟಿ ಬಾಯಿ ಕಟ್ಟಿಸಿಕೊಂಡು ಹೋದೆ. ಅವರನ್ನು ಕಂಡದ್ದು ಅದೇ ಮೊದಲು. ಅಕ್ಕಿಕಾಳು ಹಾಕಿ ಪಂಕ್ತಿಯಲ್ಲಿ ಕೂತಿದ್ದಾಗ ಬಡಿಸುವವರ ಹಿಂದೆ ಬಂದವರು ನನ್ನ ಸೀರೆಯ ಅಂಚಿನ ಹಿಟ್ಟು ನೋಡಿಯೇ ಗುರುತು ಹಿಡಿದರು. "ಇಂದುಮತಿ ಬಾಯಾರಲ್ಲರೀ? ಅವತ್ತ ಮಾತು ಅರ್ಧಕ್ಕ ಬಿಟ್ಟು ಎದ್ದು ಹೋದ್ರಿ. ಇವತ್ತರ ಪೂರಾ ಉಂಡು ಹೋಗ್ರಿ" ಎಂದು ನಕ್ಕರು. ಪಂಕ್ತಿಯವರೂ ನಕ್ಕರು. ಎಲೆಯ ಮೇಲಿನ ಹೋಳಿಗೆ ನೋಡುತ್ತ ಕೂತೆ. ಇಷ್ಟು ಜನರ ಮುಂದೆ ಅಣಕಿಸಬೇಕಿತ್ತೇ ಎಂದು ಕೇಳಲು ನನಗೆ ಬಾಯಿ ಎಲ್ಲಿತ್ತು. ಹೋಳಿಗೆ ತಿಂದೆ, ಮನೆಗೆ ಬಂದೆ, ಅತ್ತೆ.

ಹೀಗೆ ಇದ್ದಾಗ ಈ ವರ್ಷ ಶಾವಂತ್ರವ್ವ ಬಂದಳು. ನೇಕಾರರ ಓಣಿಯ ಹೆಂಗಸು, ಐವತ್ತರ ಮೇಲೆ ವಯಸ್ಸು, ಗಂಡನಿಲ್ಲ, ಮಕ್ಕಳಿಲ್ಲ. ತಂಗಿ ನೀಲವ್ವ ಇವಳ ಮಾತು ಮೀರಿ ಆ ದಂಡೆಗೆ ಮದುವೆಯಾಗಿ ಹೋದವಳು. ಹೋಗುವಾಗ ಇವಳು ಬಾಯಿಗೆ ಬಂದದ್ದು ಬೈದಿದ್ದಳಂತೆ. ಸಿಟ್ಟು ಇಳಿದ ಮೇಲೆ ಪ್ರತಿ ವರ್ಷ ಪಂಚಮಿಗೆ ಮುಂಚೆ ಬಂದು ಗೂಡಿನಲ್ಲಿ ಕೂತು ಮುಕ್ಕಾಲು ತಾಸು ಮಾತಾಡಿ ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಪ್ರತಿ ವರ್ಷ ತಂಗಿಯ ಉತ್ತರ ಬರುತ್ತಿತ್ತು, ತಂಗಿ ಬರುತ್ತಿರಲಿಲ್ಲ. ಈಗ ನೀಲವ್ವ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ ಎಂದು ತಿಳಿದು ಮನಸ್ಸು ತಡೆಯದೆ ದಾಟಿ ಹೋಗಿದ್ದಳು. ಅವತ್ತು ಸೇತುವೆ ಇಳಿದವಳು ಮನೆಗೂ ಹೋಗದೆ ನೇರ ನನ್ನ ಬಾಗಿಲಿಗೆ ಬಂದಳು.

"ಬಾಯಾರ, ನಿಮ್ಮ ಯಂತ್ರ ನನ್ನ ಮಾತು ನುಂಗೈತಿ" ಎಂದಳು.

"ಕುಂಡ್ರವ್ವ. ಯಾವ ಮಾತು?" ಎಂದೆ.

"ಕಡೀ ಮಾತು. ನನ್ನ ತಂಗಿ ಎಲ್ಲಾ ವರ್ಷದ್ದು ಅಚ್ಚು ಹಾಕಿಸಿ ಜ್ವಾಕಿ ಮಾಡಿ ಇಟ್ಟಾಳ್ರಿ. ತಂದು ನನ್ನ ಉಡ್ಯಾಗ ಹಾಕಿ ಕೇಳ್ತಾಳ, ಇಷ್ಟ ವರ್ಷ ತಂತ್ಯಾಗ ಕೇಳಾಕ ಅಂಜಿದ್ದೆ, ಯಾಕಕ್ಕ ವರ್ಷಾ ನನ್ನ ಕೂಡ ಮಾತು ಸುರು ಮಾಡಿ ನಡುವ ಎದ್ದು ಹೋಗ್ತೀ, ಇನ್ನಾ ನನ್ನ ಮ್ಯಾಲೆ ಸಿಟ್ಟೈತೇನು ಅಂತ. ಓದಿ ನೋಡ್ತೀನಿ, ಎಮ್ಮಿ ಈದಿದ್ದು ಐತಿ, ನೆರಿಮನಿ ಗದ್ಲ ಐತಿ, ಪಂಚಮಿಗೆ ಬಾರವ್ವ ಅಂದಿದ್ದು ಇಲ್ಲ. ಸಿಟ್ಟಿಲ್ಲಂದಿದ್ದು ಇಲ್ಲ. ಹೇಳೂಣಂದ್ರ ನನ್ನ ಬಾಯಿ ಕಟ್ಟೈತಿ. ಆಕಿ ಅಳ್ತಾಳ, ನಾ ಹಣಿ ಹಣಿ ಬಡಕೊಂತೀನಿ. ಏನು ತಿಳಕೊಂಡ್ಳೋ ಶಿವಗ ಗೊತ್ತು. ಓಡಿ ಬಂದೆ."

ನಮ್ಮ ಯಂತ್ರ ಏನನ್ನೂ ನುಂಗುವುದಿಲ್ಲ ಎಂದು ಹೇಳಿ ಅವಳಿಗೆ ನೀರು ಕೊಟ್ಟೆ. ನನ್ನ ಕಡೆ ನೋಡಿದರೆ ಎಲ್ಲ ವರ್ಷದ ಮಾತೂ ಮುಕ್ಕಾಲು ತಾಸು ಪೂರ್ತಿ ಇತ್ತು. ಗುರುಪಾದಪ್ಪನವರಿಗೆ ತಂತಿ ಕಳಿಸಿ ಆ ಕಡೆ ಅವುಗಳ ಉದ್ದ ಎಷ್ಟಿದೆ ಎಂದು ಕೇಳಿದೆ. ಬಂದ ಉತ್ತರವನ್ನು ಎರಡು ಸಲ ಎಣಿಸಿ ನೋಡಿದೆ. ಬೇರೆ ಬೇರೆ ವರ್ಷದ ಮಾತು, ಎಲ್ಲದರ ಅಳತೆ ಒಂದೇ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ.

ಆಗಿದ್ದು ಇಷ್ಟು. ಮಾತು ಇಡುವ ಜಾಗಕ್ಕೆ ಹಿಂದಿನವರು ರೂಬಿಯಲ್ಲಿ ಟೆಕ್ಸ್ಟ್ ಎಂದಷ್ಟೇ ಬರೆದು ಬಿಟ್ಟಿದ್ದರು, ಅಳತೆ ಹೇಳಿರಲಿಲ್ಲ. ಎರಡೂ ದಂಡೆಯ ಡೇಟಾಬೇಸು, ಅಂದರೆ ಮಾತು ಕೂಡಿಡುವ ಉಗ್ರಾಣ, ಬೇರೆ ಬೇರೆ ಜಾತಿಯವು. ನಮ್ಮದಕ್ಕೆ ಟೆಕ್ಸ್ಟ್ ಎಂದರೆ ಎಷ್ಟು ತುಂಬಿದರೂ ಹಿಗ್ಗುವ ಚೀಲ. ಅವರದಕ್ಕೆ ಟೆಕ್ಸ್ಟ್ ಎಂದರೆ ಅಳತೆ ಮಾಡಿದ ಕೊಳಗ. ಊರಿಗೊಂದು ಸೇರು ಎನ್ನುವುದಿಲ್ಲವೇ, ಹಾಗೆ. ಕೊಳಗ ತುಂಬಿದ ಮೇಲೆ ಚೆಲ್ಲಿದ್ದನ್ನು ಆ ಯಂತ್ರ ಎತ್ತಿಡುವುದೂ ಇಲ್ಲ, ಚೆಲ್ಲಿತು ಎಂದು ಹೇಳುವುದೂ ಇಲ್ಲ. ಆ ಕೊಳಗ ಮಾಡಿದವರು ಇಂಗ್ಲಿಷಿನ ಲೆಕ್ಕದಲ್ಲಿ ಮಾಡಿದ್ದು. ಅವರ ಒಂದು ಅಕ್ಷರ ಕೂರುವುದು ಒಂದು ಬೈಟಿನಲ್ಲಿ, ನಮ್ಮ ಅಕ್ಷರಕ್ಕೆ ಮೂರು ಬೇಕು, ಒತ್ತು ಕೊಂಬು ಬಂದರೆ ಇನ್ನೂ ಹೆಚ್ಚು. ಹೀಗಾಗಿ ನಮ್ಮ ಮಾತು ಅರ್ಧ ತಾಸಿಗೇ ತುಂಬಿ ಹೋಗುತ್ತಿತ್ತು. ಮನೆ ತುಂಬ ಜನ ಇರುವವರು ಗೂಡಿನಲ್ಲಿ ಅರ್ಧ ತಾಸು ಕೂರುವುದಿಲ್ಲ, ಅವರ ಮಾತು ಸುರಕ್ಷಿತವಾಗಿ ದಾಟಿದೆ. ಅದಕ್ಕಿಂತ ಉದ್ದ ಮಾತಾಡುವವರು ಒಂಟಿ ಮನುಷ್ಯರು. ಅವರೆಲ್ಲರ ಕಡೆಯ ಮಾತು ಕಾಲುವೆಯಲ್ಲಿ ಹೋಯಿತು.

ಶಾವಂತ್ರವ್ವನನ್ನು ಕಳಿಸಿ ನನ್ನ ಕಾರಹುಣ್ಣಿಮೆಯ ಮಾತನ್ನು ತೆರೆದೆ. ಅದು ನನ್ನದು, ತೆರೆಯಲು ಅಡ್ಡಿಯಿಲ್ಲ. ಕೊಳಗದ ಅಳತೆ ಹಿಡಿದು ಎಣಿಸಿದೆ. ಬದನೆಕಾಯಿ ಸೀಳುವಲ್ಲಿಗೆ ಅಳತೆ ಮುಗಿಯಿತು. ಉಪ್ಪಿನ ಪ್ರಶ್ನೆಯೂ ಅದರಾಚೆಯದೂ ಅವರಿಗೆ ತಲುಪಿಯೇ ಇರಲಿಲ್ಲ. ಅವರು ಕೇಳಿ ಕೇಳದಂತೆ ಇದ್ದದ್ದಲ್ಲ. ಪಂಕ್ತಿಯಲ್ಲಿ ಅಣಕಿಸಿದ್ದೂ ಅಲ್ಲ. ಉಣ್ಣು ಎಂದರೆ ಉಣ್ಣು ಎಂದಷ್ಟೇ. ನನಗೆ ಸಂತೋಷವಾಯಿತೋ ಹೊಟ್ಟೆ ಉರಿಯಿತೋ ಇವತ್ತಿಗೂ ಹೇಳಲಾರೆ.

ಕೆಲಸವೇನೋ ದೊಡ್ಡದಲ್ಲ. ವಿಷಯ ತಿಳಿಸಿದ ಕೂಡಲೇ ಗುರುಪಾದಪ್ಪನವರು, "ಅಯ್ಯ ಶಿವನ, ಎಷ್ಟು ಮಂದಿ ಮನಿ ಮುರದೈತ್ರಿ ಇದು" ಎಂದು ಬರೆದು ಅಲ್ಲಿನ ಮಾತಿನ ಮನೆಗೆ ಬೀಗ ಹಾಕಿ ಕೆಲಸಕ್ಕೆ ಕೂತರು. ನಾನು ರೂಬಿಯಲ್ಲಿ ಅಳತೆಯನ್ನು ಬಾಯಿಬಿಟ್ಟು ಹೇಳಿ ಬರೆದೆ, ಯಾವ ಜಾತಿಯ ಡೇಟಾಬೇಸಾದರೂ ಇಷ್ಟು ಜಾಗ ಕೊಡತಕ್ಕದ್ದು, ಹಿಡಿಸದಿದ್ದರೆ ಕತ್ತರಿಸದೆ ಕೂಗತಕ್ಕದ್ದು ಎಂದು. ಅವರು ಅಲ್ಲಿ ಕೊಳಗ ತೆಗೆದು ಕಣಜ ಇಟ್ಟರು. ಉಳಿದದ್ದು, ಕಡಿದುಹೋದ ಬಾಲಗಳನ್ನೆಲ್ಲ ಈ ಕಡೆಯ ಪ್ರತಿಯಿಂದ ತೆಗೆದು ಆಚೆ ಕಳಿಸುವುದು. ಅದಕ್ಕೊಂದು ಸಣ್ಣ ಪ್ರೋಗ್ರಾಮು ಬರೆದೆ. ಬರೆದ ಮೇಲೆ ಅದರಲ್ಲಿ ಒಂದು ಸಾಲು ಸೇರಿಸಿದೆ, ಕಾರಹುಣ್ಣಿಮೆಯ ಇಂದುಮತಿಯ ಮಾತನ್ನು ಬಿಟ್ಟು ಎಂದು. ಸೇರಿಸಿ ಅಳಿಸಿದೆ. ಕಾಶವ್ವನ ಮುಖ ನೆನಪಾಯಿತು. ಅಕ್ಷತೆ ಹಾಕುವಾಗ ಮೂಕಳಾಗಿ ಬಂದ ನನ್ನ ಕೈ ಹಿಡಿದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದವಳು. ಮತ್ತೆ ಆ ಸಾಲು ಬರೆದು, ಕಣ್ಣು ಮುಚ್ಚಿ ಪ್ರೋಗ್ರಾಮು ಓಡಿಸಿದೆ.

ಆಮೇಲಿನ ವಾರ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ನೀಲವ್ವನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಅವಳಿಗೆ ಇಲ್ಲಿ ಬಾಯಿಲ್ಲ, ಶಾವಂತ್ರವ್ವನಿಗೆ ಬಾಯಿದ್ದರೂ ಮಾತು ಬರಲಿಲ್ಲ, ಇಬ್ಬರೂ ಮಾತಿನ ಮನೆಯ ಕಟ್ಟೆಯ ಮೇಲೆ ಒಬ್ಬರ ಮುಖ ಒಬ್ಬರು ಸವರುತ್ತ ಕೂತಿದ್ದರು. ಎಲ್ಲರಿಗೂ ಹಾಗಾಗಲಿಲ್ಲ. ಬಡಿಗೇರ ಮುದಿಗೌಡ ಎಂದೋ ಕೇಳಿದ್ದ ಕ್ಷಮೆಯ ಮಾತು ತಲುಪುವ ಹೊತ್ತಿಗೆ ಅದನ್ನು ಕೇಳಿಸಿಕೊಳ್ಳಬೇಕಾದವರು ತೀರಿಕೊಂಡಿದ್ದರು, ಅವರ ಮಗ ಅದನ್ನು ಗೋರಿಯ ಮುಂದೆ ನಿಂತು ಓದಿದನಂತೆ. ಇಂಥದ್ದನ್ನು ಕೇಳಿದಾಗಲೆಲ್ಲ ನನ್ನದು ಕಳಿಸದೆ ಒಳ್ಳೆಯದು ಮಾಡಿದೆ ಎಂದುಕೊಳ್ಳುತ್ತಿದ್ದೆ. ಅಂದುಕೊಂಡರೆ ಸಾಕೇ, ಹೊಟ್ಟೆಯೊಳಗೆ ಅದು ಇಳಿಯಬೇಕಲ್ಲ.

ಗುರುಪಾದಪ್ಪನವರು ಕೆಲಸವನ್ನು ಅರ್ಧಕ್ಕೆ ಬಿಡುವ ಮನುಷ್ಯರಲ್ಲ. ಕೊಳಗ ತುಂಬಿ ನಿಂತಿದ್ದ ಮಾತು ಯಾವ್ಯಾವುವು ಎಂದು ಅವರ ಕಡೆಯೂ ಕಾಣುತ್ತಿತ್ತು. ಒಂದೊಂದಕ್ಕೂ ಬಾಲ ಬಂತೇ ಎಂದು ತಾಳೆ ನೋಡುತ್ತ ಹೋಗಿದ್ದಾರೆ. ಸೋಮವಾರ ಮಧ್ಯಾಹ್ನ ಅವರಿಂದ ಮಾತು ಬಂತು.

"ಎಲ್ಲಾಕ್ಕೂ ಬಂತ್ರಿ ಬಾಯಾರ. ಒಂದಕ್ಕ ಬಂದಿಲ್ಲ. ಕಾರಹುಣ್ಣಿವಿ ದಿನದ್ದು, ನಿಮ್ಮದು, ನನ್ನ ಹೆಸರಿಗೆ ಐತಿ. ಅದು ಒಂದು ಯಾಕ ಉಳೀತು ನೋಡ್ರೆಲಾ."

ಬುತ್ತಿ ಬಿಚ್ಚಿದ್ದೆ, ಹಾಗೇ ಮುಚ್ಚಿಟ್ಟೆ. ಅವರಿಗೆ ಕಾಣುವುದು ಉದ್ದ ಮಾತ್ರ, ಕಡಿದ ಬಾಲದಲ್ಲಿ ಏನಿತ್ತು ಎಂದು ಗೊತ್ತಿಲ್ಲ. ಆ ಒಂದು ಸಾಲು ತೆಗೆದು ಮತ್ತೊಮ್ಮೆ ಓಡಿಸಿದರೆ ಅವರು ಕೇಳಿದ್ದನ್ನೇ ಕೊಟ್ಟಂತಾಗುತ್ತದೆ, ನನ್ನ ಮೇಲೆ ತಪ್ಪೂ ಇಲ್ಲ. ಕೈ ಅಲ್ಲಿಯವರೆಗೂ ಹೋಯಿತು. ಆಮೇಲೆ, "ಯಂತ್ರದ ಎಡವಟ್ಟಿರಬೇಕ್ರಿ. ಅದ್ರಾಗೇನಿಲ್ಲ, ಎಣ್ಣಿಗಾಯಿಗೆ ಉಪ್ಪು ಯಾವಾಗ ಹಾಕ್ಬೇಕಂತ ಕೇಳಿದ್ದೆ. ಅಷ್ಟಕ್ಕ ಮುಗಿಸಿದ್ದೆ" ಎಂದು ಬರೆದೆ.

ಉತ್ತರ ಉದ್ದವಾಗಿ ಬಂತು. ಉಪ್ಪನ್ನು ಎಣ್ಣೆ ಬಿಟ್ಟ ಮೇಲೆ ಹಾಕಬೇಕು, ಮುಂಚೆ ಹಾಕಿದರೆ ಬದನೆಕಾಯಿ ನೀರು ಬಿಡುತ್ತದೆ ಎಂದಿತ್ತು. ಈಗೀಗ ಕಾಶವ್ವ ತನಗಿಂತ ಚೆನ್ನಾಗಿ ಮಾಡುತ್ತಾಳೆ, ಹೋದ ತಿಂಗಳಿಂದ ಅವಳಿಗೆ ಕೆಮ್ಮು ಎಂದಿತ್ತು. ಮೊಣಕಾಲು ಹಾಗೇ ಇದೆ, ಕಾಲುವೆಗೆ ಈ ಸಲ ನೀರು ತಡವಾಯಿತು ಎಂದಿತ್ತು. ಅದಾದ ಮೇಲೆ ಹೀಗಿತ್ತು.

"ಅಂದಂಗ ಬಾಯಾರ, ಅವತ್ತ ನಿಮ್ಮ ಮಾತು ನಡುವ ನಿಂತಾಗ ಉಳಿದದ್ದು ಬರ್ತೈತಂತ ನಾ ಕತ್ತಲಾಗೂತನಕ ಕುಂತಿದ್ದೆ. ನಮ್ಮ ಮಂದಿ ಮುಖ್ಯ ಮಾತು ಕಡೀಗೆ ಹೇಳೂದಲ್ಲರೀ, ಹಿಂಗಾಗಿ ಏನೋ ಹೇಳೂರದೀರಿ ಅಂದ್ಕೊಂಡಿದ್ದೆ. ಅಂಗಿ ಸೈತ ಹೊಲಿಸಾಕ ಹಾಕಿದ್ದೆ, ದಾಟಿ ಬಂದು ನಿಮ್ಮನ್ನ ನೋಡೂಣಂತ. ಮರದಿವಸ ನೀವು ಯಾರೋ ಬಂದ್ರು ಅಂದ್ರಿ. ಆಮ್ಯಾಲೆ ಬಿಟ್ಟೆ. ಬರೇ ಉಪ್ಪಿನ ಮಾತಂತ ಈಗ ಗೊತ್ತಾತು, ಮನಸು ಹಗುರಾತು."

ಹೊರಗೆ ಕಟ್ಟೆಯ ಮೇಲೆ ಶಾವಂತ್ರವ್ವ ತಂಗಿಗೆ ಏನೋ ಹೇಳಿ ಹೇಳಿ ನಗುತ್ತಿದ್ದಳು. ನಾನು ಕಣ್ಣೊರೆಸಿಕೊಂಡು ಗೂಡಿನಲ್ಲಿ ಹೋಗಿ ಕೂತೆ. ಈಗ ಜಾಗಕ್ಕೇನು ಬರವಿರಲಿಲ್ಲ, ಎಷ್ಟು ತಾಸು ಬೇಕಾದರೂ ಮಾತಾಡಬಹುದಿತ್ತು. ಕಾಶವ್ವನ ಕೆಮ್ಮಿಗೆ ಶುಂಠಿ ಕಷಾಯ ಹೇಳಿದೆ. ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳಲು ಹೇಳಿದೆ. ನೀರು ನಮ್ಮ ಕಡೆಯೂ ತಡ ಎಂದೆ, ಉಪ್ಪನ್ನು ಇನ್ನು ಮೇಲೆ ಎಣ್ಣೆ ಬಿಟ್ಟ ನಂತರವೇ ಹಾಕುತ್ತೇನೆ ಎಂದೆ. ಅವರ ಅಂಗಿಯ ಮಾತು ಮುಟ್ಟದೆ, ಈ ಸಲ "ಅಂದಂಗ" ಎನ್ನದೆ ಎದ್ದು ಬಂದೆ.